ಪಿಕಪ್ ವಾಹನದ ಹಿಂದಿನ ಅಚ್ಚು: ಬದಲಿಸುವ ಮುನ್ನ ರೈತರು ತಿಳಿಯಬೇಕಾದ ಸಂಗತಿಗಳು

ಬೆಳೆದ ಮಾಲನ್ನು ಮಾರುಕಟ್ಟೆಗೆ ಸಾಗಿಸಲು ಇಂದು ಅನೇಕ ರೈತರು ಸ್ವಂತ ಪಿಕಪ್ ವಾಹನವನ್ನು ಇಟ್ಟುಕೊಂಡಿದ್ದಾರೆ. ಕೋಲಾರದ ಟೊಮ್ಯಾಟೊ, ಬೆಳಗಾವಿಯ ತರಕಾರಿ, ಮಲೆನಾಡಿನ ಕಾಫಿ ಮತ್ತು ಅಡಿಕೆ ಹೀಗೆ ಎಲ್ಲ ಬಗೆಯ ಮಾಲೂ ಇದೇ ವಾಹನದ ಬೆನ್ನೇರಿ ಹೋಗುತ್ತದೆ. ಈ ಭಾರದ ಹೆಚ್ಚಿನ ಪಾಲನ್ನು ಹೊರುವುದು ಹಿಂದಿನ ಅಚ್ಚು, ಅಂದರೆ ಗ್ಯಾರೇಜಿನವರು ಆಕ್ಸಲ್ ಎಂದು ಕರೆಯುವ ಭಾಗ. ರಾತ್ರಿ ಹೊತ್ತು ಮಾಲು ತುಂಬಿ ಹೊರಟಾಗ ಅದು ಮುರಿದರೆ ಕೊಯ್ದ ಬೆಳೆ ದಾರಿಯಲ್ಲೇ ಕೆಡುತ್ತದೆ. ವೇಗದಲ್ಲಿ ಓಡುವಾಗ ಚಕ್ರ ಕಳಚಿದರೆ ಪ್ರಾಣಕ್ಕೇ ಅಪಾಯ.

ಅಚ್ಚು ಒಮ್ಮೆ ಮುರಿದ ಮೇಲೆ, "ಇದಕ್ಕಿಂತ ದಪ್ಪದ್ದನ್ನು ಹಾಕಿಸಿಬಿಡಿ, ಇನ್ನು ಎಷ್ಟು ಬೇಕಾದರೂ ಹೇರಬಹುದು" ಎಂಬ ಸಲಹೆ ಬರುವುದು ಸಾಮಾನ್ಯ. ಈ ಸಲಹೆ ಎಷ್ಟರ ಮಟ್ಟಿಗೆ ಸರಿ? ಅಚ್ಚನ್ನು ಬದಲಿಸುವಾಗ ಯಾವುದನ್ನು ತಾಳೆ ನೋಡಬೇಕು? ಕೆಲಸ ನಡೆಯುವಾಗ ರೈತನು ಪಕ್ಕದಲ್ಲಿ ನಿಂತು ಏನನ್ನು ಗಮನಿಸಬೇಕು? ಇವುಗಳನ್ನು ಇಲ್ಲಿ ವಿವರಿಸಿದೆ.

ಅಚ್ಚಿನ ರಚನೆ

ಎತ್ತಿನ ಗಾಡಿಯ ಅಚ್ಚು ಭಾರವನ್ನು ಮಾತ್ರ ಹೊರುತ್ತದೆ. ಚಕ್ರವು ಅದರ ಮೇಲೆ ತಾನೇ ತಾನಾಗಿ ತಿರುಗುತ್ತದೆ. ಪಿಕಪ್‌ನ ಹಿಂದಿನ ಅಚ್ಚಿಗೆ ಎರಡು ಕೆಲಸ. ಅದು ಭಾರವನ್ನೂ ಹೊರಬೇಕು, ಚಕ್ರವನ್ನೂ ತಿರುಗಿಸಬೇಕು.

ಹೊರಗೆ ಕಾಣುವ ಉಕ್ಕಿನ ಕೊಳವೆಗೆ ಹೌಸಿಂಗ್ ಎಂದು ಹೆಸರು. ಅದರ ನಡುವಿನ ಗುಂಡನೆಯ ಉಬ್ಬಿನಲ್ಲಿ ಡಿಫರೆನ್ಶಿಯಲ್ ಇರುತ್ತದೆ. ಎಂಜಿನ್ನಿನಿಂದ ಬರುವ ಉದ್ದನೆಯ ಪ್ರೊಪೆಲರ್ ಶಾಫ್ಟು ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಪಿನಿಯನ್ನು ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಶಾಫ್ಟು ಹೊರಟು ಚಕ್ರಗಳನ್ನು ತಿರುಗಿಸುತ್ತವೆ.

ಈ ಶಾಫ್ಟುಗಳಲ್ಲಿ ಎರಡು ಬಗೆಗಳಿವೆ. ಮೊದಲನೆಯ ಬಗೆಯಲ್ಲಿ ಚಕ್ರವನ್ನು ಶಾಫ್ಟಿನ ತುದಿಗೇ ಬಿಗಿದಿರುತ್ತಾರೆ. ಇದು ಸೆಮಿ ಫ್ಲೋಟಿಂಗ್. ಇದರಲ್ಲಿ ಶಾಫ್ಟು ಭಾರದಿಂದ ಬಾಗುವ ಒತ್ತಡವನ್ನೂ ಎಂಜಿನ್ನಿನಿಂದ ತಿರುಚುವ ಒತ್ತಡವನ್ನೂ ಒಟ್ಟಿಗೇ ತಾಳಬೇಕು. ತುದಿಯ ಬಳಿ ಶಾಫ್ಟು ಮುರಿದರೆ ಚಕ್ರವೂ ಹೊರಬರುತ್ತದೆ. ಎರಡನೆಯ ಬಗೆಯಲ್ಲಿ ಚಕ್ರದ ಹಬ್ಬು ಎರಡು ಬೇರಿಂಗುಗಳ ಮೂಲಕ ಹೌಸಿಂಗಿನ ತುದಿಯ ಮೇಲೆ ಕೂತಿರುತ್ತದೆ. ಇದು ಫುಲ್ ಫ್ಲೋಟಿಂಗ್. ಎತ್ತಿನ ಗಾಡಿಯಲ್ಲಿರುವಂತೆ ಇಲ್ಲಿ ಭಾರ ಹೊರುವುದು ಹೌಸಿಂಗ್. ಶಾಫ್ಟಿನ ಕೆಲಸ ತಿರುಗಿಸುವುದಷ್ಟೆ. ಶಾಫ್ಟು ಮುರಿದರೂ ಚಕ್ರ ತನ್ನ ಜಾಗದಲ್ಲೇ ಇರುತ್ತದೆ.

ನಿಮ್ಮ ವಾಹನದಲ್ಲಿ ಯಾವುದಿದೆ ಎಂದು ತಿಳಿಯುವುದು ಸುಲಭ. ಹಿಂದಿನ ಚಕ್ರದ ನಡುವೆ ಹಬ್ಬು ಹೊರಕ್ಕೆ ಚಾಚಿದ್ದು, ಅದರ ಮುಖದ ಮೇಲೆ ಸುತ್ತಲೂ ಸಣ್ಣ ಬೋಲ್ಟುಗಳ ಸಾಲಿದ್ದರೆ ಅದು ಫುಲ್ ಫ್ಲೋಟಿಂಗ್.

ಮೊದಲು ಮುರಿದ ಕಾರಣವನ್ನು ಹುಡುಕಿ

ಕಾರಣ ತಿಳಿಯದೆ ಹೊಸ ಅಚ್ಚು ಹಾಕಿದರೆ ಅದೂ ಮುರಿಯುತ್ತದೆ. ಮುರಿದ ಶಾಫ್ಟನ್ನು ಗುಜರಿಗೆ ಹಾಕುವ ಮೊದಲು ಅದರ ಮುಖವನ್ನು ಒರೆಸಿ ಬೆಳಕಿನಲ್ಲಿ ನೋಡಿ.

ಮುಖದ ಒಂದು ಭಾಗ ನುಣುಪಾಗಿದ್ದು ಅದರಲ್ಲಿ ನೀರಿನ ಅಲೆಯಂತೆ ಗೆರೆಗಳು ಕಂಡರೆ, ಉಳಿದ ಭಾಗ ಮಾತ್ರ ಒರಟಾಗಿದ್ದರೆ, ಬಿರುಕು ಬಹಳ ದಿನಗಳಿಂದ ಬೆಳೆಯುತ್ತ ಬಂದು ಕೊನೆಗೆ ಮುರಿದಿದೆ ಎಂದರ್ಥ. ದಿನಂಪ್ರತಿ ಹೆಚ್ಚು ಹೊರೆ ಹೇರಿದ್ದು, ಬೇರಿಂಗ್ ಸವೆದದ್ದು ಅಥವಾ ಹೌಸಿಂಗ್ ಬಾಗಿದ್ದು ಇದಕ್ಕೆ ಕಾರಣವಾಗಿರುತ್ತದೆ. ಮುಖವೆಲ್ಲ ಒರಟಾಗಿದ್ದು, ಶಾಫ್ಟಿನ ತುದಿಯ ಹಲ್ಲುಗೆರೆಗಳು ಹಗ್ಗದಂತೆ ತಿರುಚಿಕೊಂಡಿದ್ದರೆ ಅದು ಒಂದೇ ಪೆಟ್ಟಿಗೆ ಮುರಿದದ್ದು.

ಒಂದೇ ಪೆಟ್ಟಿಗೆ ಹೇಗೆ ಮುರಿಯುತ್ತದೆ? ಒಂದು ಲೆಕ್ಕ ನೋಡೋಣ. ಎಂಜಿನ್ನಿನ ತಿರುಚು ಬಲ 20 ಕಿಲೋ-ಮೀಟರ್, ಅಂದರೆ ಒಂದು ಮೀಟರ್ ಉದ್ದದ ಸನ್ನೆಯ ತುದಿಗೆ 20 ಕಿಲೋ ತೂಗುಹಾಕಿದಷ್ಟು ಎಂದಿಟ್ಟುಕೊಳ್ಳಿ. ಮೊದಲನೆಯ ಗೇರಿನಲ್ಲಿ ಅದು ನಾಲ್ಕು ಪಟ್ಟಾಗಿ 80 ಆಗುತ್ತದೆ. ಕ್ರೌನ್ ಮತ್ತು ಪಿನಿಯನ್ನಿನಲ್ಲಿ ಮತ್ತೆ 4.3 ಪಟ್ಟಾಗಿ 344 ಆಗುತ್ತದೆ. ಒಂದೊಂದು ಶಾಫ್ಟಿನ ಪಾಲಿಗೆ 172. ಚಕ್ರ ಕೆಸರಿನಲ್ಲಿ ಹೂತಿರುವಾಗ ಎಂಜಿನ್ನನ್ನು ಜೋರಾಗಿ ಓಡಿಸಿ ಕ್ಲಚ್ಚನ್ನು ಥಟ್ಟನೆ ಬಿಟ್ಟರೆ, ತಿರುಗುತ್ತಿರುವ ಫ್ಲೈವ್ಹೀಲಿನ ಪೆಟ್ಟೂ ಇದಕ್ಕೆ ಸೇರುತ್ತದೆ. ಜಾರಿ ತಿರುಗುತ್ತಿದ್ದ ಚಕ್ರಕ್ಕೆ ಹಠಾತ್ತನೆ ಗಟ್ಟಿ ನೆಲ ಸಿಕ್ಕರೂ ಹೀಗೆಯೇ ಆಗುತ್ತದೆ. ಇಲ್ಲಿ ತಪ್ಪು ಅಚ್ಚಿನದಲ್ಲ, ಓಡಿಸುವ ರೀತಿಯದು.

ಹೌಸಿಂಗ್ ಬಾಗಿದೆಯೇ ಎಂಬುದನ್ನೂ ಅಳೆದು ತಿಳಿಯಬಹುದು. ಖಾಲಿ ವಾಹನವನ್ನು ಸಮನಾದ ನೆಲದ ಮೇಲೆ ನಿಲ್ಲಿಸಿ, ಎರಡು ಹಿಂದಿನ ಟೈರುಗಳ ನಡುವಿನ ಅಂತರವನ್ನು ಮೇಲುಗಡೆ ಮತ್ತು ಕೆಳಗಡೆ ಅಳೆಯಿರಿ. ಮೇಲಿನ ಅಂತರ ಕಡಿಮೆಯಿದ್ದರೆ, ಹೊರೆಯಿಂದ ಅಚ್ಚಿನ ತುದಿಗಳು ಮೇಲಕ್ಕೆ ಬಾಗಿವೆ. ಇಂಥ ವಾಹನದಲ್ಲಿ ಟೈರಿನ ಒಳಅಂಚು ಬೇಗ ಸವೆಯುತ್ತದೆ. ಬಾಗಿದ ಹೌಸಿಂಗಿಗೆ ಹೊಸ ಶಾಫ್ಟು ಹಾಕಿದರೆ ಅದು ಪ್ರತಿ ಸುತ್ತಿಗೂ ಬಾಗಿ ಮತ್ತೆ ಮುರಿಯುತ್ತದೆ. ಹೌಸಿಂಗನ್ನೇ ಬದಲಿಸಬೇಕಾದುದು ಇಂಥ ಸಂದರ್ಭದಲ್ಲಿ.

ಹೊರೆಯ ಲೆಕ್ಕ

ನೋಂದಣಿ ಪತ್ರದಲ್ಲಿ ಖಾಲಿ ವಾಹನದ ತೂಕ ಮತ್ತು ಹೊರೆ ಸಹಿತ ಒಟ್ಟು ತೂಕ ಎರಡೂ ನಮೂದಾಗಿರುತ್ತವೆ. ಎರಡರ ವ್ಯತ್ಯಾಸವೇ ಹೇರಬಹುದಾದ ಭಾರ. ಖಾಲಿ ತೂಕದಲ್ಲಿ ಚಾಲಕನ ತೂಕ ಸೇರಿರುವುದಿಲ್ಲ. ಆದುದರಿಂದ ಚಾಲಕನನ್ನೂ ಜೊತೆಯಲ್ಲಿ ಕೂರುವವರನ್ನೂ ಹೊರೆಯಲ್ಲೇ ಲೆಕ್ಕ ಹಿಡಿಯಬೇಕು.

ಉದಾಹರಣೆಗೆ, ಖಾಲಿ ತೂಕ 1,700 ಕಿಲೋ, ಒಟ್ಟು ತೂಕ 3,000 ಕಿಲೋ ಇದ್ದರೆ ಹೇರಬಹುದಾದದ್ದು 1,300 ಕಿಲೋ. ಮೂವರು ಕೂತರೆ ಸುಮಾರು 180 ಕಿಲೋ ಹೋಗಿ 1,120 ಕಿಲೋ ಉಳಿಯುತ್ತದೆ. 15 ಕಿಲೋ ಟೊಮ್ಯಾಟೊ ತುಂಬಿದ ಕ್ರೇಟಿನ ತೂಕ ಕ್ರೇಟೂ ಸೇರಿ ಹದಿನಾರೂವರೆ ಕಿಲೋ ಎಂದು ಹಿಡಿದರೆ 67 ಕ್ರೇಟುಗಳನ್ನು ಹೇರಬಹುದು. ಜಾಗವಿದೆ ಎಂದು 100 ಕ್ರೇಟು ಹೇರಿದರೆ ಒಟ್ಟು ಹೊರೆ 1,830 ಕಿಲೋ ಆಗುತ್ತದೆ. ಅಂದರೆ 530 ಕಿಲೋ ಹೆಚ್ಚು.

ಹೇರುವ ಜಾಗವೂ ಮುಖ್ಯ. ಹಿಂದಿನ ಬಾಗಿಲನ್ನು ಇಳಿಬಿಟ್ಟು ಮೇವು, ಕಬ್ಬು ಅಥವಾ ಕಂಬಗಳನ್ನು ಹೊರಚಾಚಿ ಹೇರುವ ರೂಢಿಯಿದೆ. ಮುಂದಿನ ಹಾಗೂ ಹಿಂದಿನ ಚಕ್ರಗಳ ನಡುವೆ ಮೂರು ಮೀಟರ್ ಅಂತರವಿರುವ ವಾಹನದಲ್ಲಿ, ಹಿಂದಿನ ಅಚ್ಚಿನಿಂದ ಒಂದು ಮೀಟರ್ ಹಿಂದಕ್ಕೆ 200 ಕಿಲೋ ಇಟ್ಟರೆ ಅಚ್ಚಿನ ಮೇಲೆ ಬೀಳುವುದು 200 ಅಲ್ಲ, ಸುಮಾರು 267 ಕಿಲೋ. ಮುಂದಿನ ಚಕ್ರಗಳಿಂದ ಸುಮಾರು 67 ಕಿಲೋ ಕಡಿಮೆಯಾಗಿ ಸ್ಟೀರಿಂಗಿನ ಹಿಡಿತವೂ ಸಡಿಲವಾಗುತ್ತದೆ.

ದಪ್ಪ ಅಚ್ಚು ಹಾಕಿಸಿದರೆ ಸಾಕೇ?

ಕಮಾನು ಪಟ್ಟಿಗೆ ಇನ್ನೊಂದು ಪಟ್ಟಿ ಸೇರಿಸಿ, ದೊಡ್ಡ ವಾಹನದ ಅಚ್ಚು ಹಾಕಿಸಿದರೆ ಹೊರೆ ಹೆಚ್ಚಿಸಬಹುದೆಂದು ಹಲವರು ಭಾವಿಸುತ್ತಾರೆ. ಆದರೆ ಸರಪಣಿಯ ಒಂದು ಕೊಂಡಿಯನ್ನು ದಪ್ಪ ಮಾಡಿದರೆ ಉಳಿದ ಕೊಂಡಿಗಳು ದಪ್ಪವಾಗುವುದಿಲ್ಲ. ಚಾಸಿ, ಟೈರು, ಮುಂದಿನ ಬ್ರೇಕು, ಕ್ಲಚ್ಚು, ಪ್ರೊಪೆಲರ್ ಶಾಫ್ಟು ಎಲ್ಲವೂ ಮೊದಲಿನ ತೂಕಕ್ಕೇ ತಯಾರಾದವು. ಮೇಲಾಗಿ ದೊಡ್ಡ ಅಚ್ಚು ತಾನೇ ಹೆಚ್ಚು ತೂಗುವುದರಿಂದ ಹೇರಬಹುದಾದ ಮಾಲು ಅಷ್ಟು ಕಡಿಮೆಯಾಗುತ್ತದೆ. ಮೊದಲು ಅಚ್ಚು ಮುರಿಯುತ್ತಿತ್ತು, ಈಗ ಚಾಸಿ ಬಿರುಕು ಬಿಡುತ್ತದೆ ಅಥವಾ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಹೋಗುತ್ತದೆ. ಅಚ್ಚು ಮುರಿದರೆ ಮಾಲು ಹೋಗಬಹುದು. ಬ್ರೇಕು ಸೋತರೆ ಜನರೇ ಹೋಗಬಹುದು.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷ ತಿದ್ದುಪಡಿಯಾದ ಕಾಯಿದೆಯಲ್ಲಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಮಿತಿ ಮೀರಿದ ಹೊರೆಗೆ 20,000 ರೂಪಾಯಿ ಮತ್ತು ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವನ್ನು ಕಾಯಿದೆ ನಿಗದಿಮಾಡಿದೆ. ಅದೇ ಮಾದರಿಯ ವಾಹನದ ಅದೇ ಅಚ್ಚನ್ನು ಹಾಕಿಸುವುದು ದುರಸ್ತಿ. ಬೇರೆ ವಾಹನದ ಅಚ್ಚನ್ನು ಕೂಡಿಸುವುದು ಮಾರ್ಪಾಡು. ಈ ಎರಡರ ಅಂತರವನ್ನು ನೆನಪಿನಲ್ಲಿಡಬೇಕು. ಅಪಘಾತವಾದಾಗ ವಿಮೆಯವರು ಕೇಳುವುದೂ ಇದನ್ನೇ.

ತಾಳೆ ನೋಡಬೇಕಾದ ಅಂಶಗಳು

ಒಂದೇ ಹೆಸರಿನ ವಾಹನದಲ್ಲಿಯೂ ವರ್ಷದಿಂದ ವರ್ಷಕ್ಕೆ, ಮಾದರಿಯಿಂದ ಮಾದರಿಗೆ ಅಚ್ಚು ಬದಲಾಗಿರಬಹುದು. ಗುಜರಿಯಿಂದ ಕೊಳ್ಳುವಾಗ ಅಳತೆಪಟ್ಟಿ ಜೊತೆಗಿರಲಿ.

1. ಹಲ್ಲುಗಳ ಪ್ರಮಾಣ: ಕ್ರೌನಿನಲ್ಲಿ 43, ಪಿನಿಯನ್ನಿನಲ್ಲಿ 10 ಹಲ್ಲುಗಳಿದ್ದರೆ ಪ್ರಮಾಣ 4.3. ಕ್ರೌನಿನಲ್ಲಿ 39, ಪಿನಿಯನ್ನಿನಲ್ಲಿ 8 ಇದ್ದರೆ 4.875. ಬಿಚ್ಚದೆಯೂ ಇದನ್ನು ಎಣಿಸಬಹುದು. ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಮುಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತಡೆ ಕೊಟ್ಟು, ಹಿಂದಿನ ಒಂದು ಚಕ್ರವನ್ನು ಮಾತ್ರ ನೆಲದಿಂದ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಬಿಟ್ಟಿರಲಿ. ಎತ್ತಿದ ಚಕ್ರವನ್ನು 20 ಸುತ್ತು ತಿರುಗಿಸಿ, ಪ್ರೊಪೆಲರ್ ಶಾಫ್ಟು ಎಷ್ಟು ಸುತ್ತು ತಿರುಗಿತೆಂದು ಎಣಿಸಿ ಹತ್ತರಿಂದ ಭಾಗಿಸಿ. 43 ಸುತ್ತು ಬಂದರೆ ಪ್ರಮಾಣ 4.3. ಇನ್ನೊಂದು ಚಕ್ರ ನೆಲದ ಮೇಲೆ ನಿಂತಿರುವುದರಿಂದ ಎರಡು ಸುತ್ತಿಗೆ ಒಂದು ಸುತ್ತಿನ ಲೆಕ್ಕ ಬರುತ್ತದೆ.

ಪ್ರಮಾಣ ಬೇರೆಯಾದರೆ ಎಳೆತ, ವೇಗ, ಡೀಸೆಲ್ ಖರ್ಚು ಮೂರೂ ಬದಲಾಗುತ್ತವೆ. ಗೇರು ಪೆಟ್ಟಿಗೆಯಿಂದ ಓಡುವ ಸ್ಪೀಡೋಮೀಟರು ತಪ್ಪು ತೋರಿಸುತ್ತದೆ. 4.875 ಇದ್ದ ಕಡೆ 4.3 ಹಾಕಿದರೆ ಮುಳ್ಳು 60 ತೋರಿಸುವಾಗ ವಾಹನ 68 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಮಲೆನಾಡಿನಲ್ಲಿ ಬಳಸುವ ನಾಲ್ಕು ಚಕ್ರದ ಎಳೆತದ ವಾಹನಗಳಲ್ಲಿ ಮುಂದಿನ ಮತ್ತು ಹಿಂದಿನ ಅಚ್ಚುಗಳ ಪ್ರಮಾಣ ಒಂದೇ ಆಗಿರಲೇಬೇಕು. ಇಲ್ಲವಾದರೆ ಗಟ್ಟಿ ರಸ್ತೆಯಲ್ಲಿ ನಾಲ್ಕು ಚಕ್ರದ ಎಳೆತ ಹಾಕಿದೊಡನೆ ಒಂದಕ್ಕೊಂದು ಜಗ್ಗಾಡಿ ಹಲ್ಲುಗಳು ಮುರಿಯುತ್ತವೆ.

2. ಅಗಲ: ಎರಡು ಚಕ್ರಗಳು ಕೂರುವ ಮುಖಗಳ ನಡುವಿನ ಅಂತರ ಸಮನಾಗಿರಬೇಕು. ಹೆಚ್ಚಾದರೆ ಟೈರು ಹೊರಚಾಚುತ್ತದೆ, ಕಡಿಮೆಯಾದರೆ ಕಮಾನು ಪಟ್ಟಿಗೆ ಉಜ್ಜುತ್ತದೆ.

3. ಪಟ್ಟಿ ಕೂರುವ ಜಾಗ: ಹೌಸಿಂಗಿನ ಮೇಲೆ ಕಮಾನು ಪಟ್ಟಿ ಕೂರುವ ಎರಡು ಪೀಠಗಳ ಅಂತರ ಮತ್ತು ನಡುಬೋಲ್ಟಿನ ತೂತು ಸರಿಹೊಂದಬೇಕು. ಹೊಂದದಿದ್ದರೆ ಪೀಠವನ್ನು ಕಿತ್ತು ಬೇರೆಡೆ ಬೆಸೆಯುವ ಸಲಹೆ ಬರುತ್ತದೆ. ಅದನ್ನು ಒಪ್ಪಬೇಡಿ. ಬೆಸುಗೆಯ ಕಾವಿಗೆ ಹೌಸಿಂಗ್ ಸೊಟ್ಟಗಾಗುತ್ತದೆ. ಮುರಿದ ಶಾಫ್ಟನ್ನಂತೂ ಎಂದಿಗೂ ಬೆಸೆದು ಹಾಕಬಾರದು.

4. ಬ್ರೇಕು: ಡ್ರಮ್ಮಿನ ಅಳತೆ, ಚಕ್ರದ ಸಿಲಿಂಡರಿನ ಅಳತೆ, ಹ್ಯಾಂಡ್ ಬ್ರೇಕಿನ ಕೇಬಲು ಒಂದೇ ಬಗೆಯವಾಗಿರಬೇಕು. ಹಿಂದೆ ದೊಡ್ಡ ಬ್ರೇಕು ಕೂತರೆ ಹಿಂದಿನ ಚಕ್ರಗಳು ಮೊದಲು ಕಚ್ಚಿ, ಒದ್ದೆ ರಸ್ತೆಯಲ್ಲಿ ವಾಹನ ಅಡ್ಡ ತಿರುಗುತ್ತದೆ. ಹಲವು ಪಿಕಪ್‌ಗಳಲ್ಲಿ ಹೊರೆಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡವನ್ನು ಹೊಂದಿಸುವ ಒಂದು ವಾಲ್ವು ಇದ್ದು, ಅದರ ಕಂಬಿ ಅಚ್ಚಿಗೆ ಜೋಡಣೆಯಾಗಿರುತ್ತದೆ. ಅದನ್ನು ಜೋಡಿಸದೆ ಬಿಟ್ಟರೆ ಬ್ರೇಕಿನ ಸಮತೋಲ ತಪ್ಪುತ್ತದೆ. ಎ.ಬಿ.ಎಸ್. ಇರುವ ವಾಹನಗಳಲ್ಲಿ ಚಕ್ರದ ಬಳಿಯ ಸೆನ್ಸರು ಕೂರಲು ಜಾಗವಿದೆಯೇ ಎಂದೂ ನೋಡಬೇಕು.

5. ಚಕ್ರದ ಬೋಲ್ಟು ಮತ್ತು ಪಿನಿಯನ್ನಿನ ಫ್ಲೇಂಜು: ಬೋಲ್ಟುಗಳ ಸಂಖ್ಯೆ, ಅವು ಕೂತಿರುವ ವೃತ್ತದ ಅಳತೆ, ಪ್ರೊಪೆಲರ್ ಶಾಫ್ಟು ಕೂಡುವ ಫ್ಲೇಂಜಿನ ತೂತುಗಳು ಹೊಂದಬೇಕು.

ಹಳೆಯ ಅಚ್ಚನ್ನು ಕೊಳ್ಳುವಾಗ ಎಣ್ಣೆ ಬಸಿದು ನೋಡಿ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಉಕ್ಕಿನ ಚೂರುಗಳಿದ್ದರೆ ಹಲ್ಲು ಅಥವಾ ಬೇರಿಂಗ್ ಹೋಗಿದೆ. ಕ್ರೌನ್ ಮತ್ತು ಪಿನಿಯನ್ನುಗಳನ್ನು ಜೊತೆಯಾಗಿಯೇ ಉಜ್ಜಿ ಹೊಂದಿಸಿರುತ್ತಾರೆ. ಆದುದರಿಂದ ಒಂದರ ಕ್ರೌನಿಗೆ ಇನ್ನೊಂದರ ಪಿನಿಯನ್ನು ಹಾಕಬಾರದು. ರಸೀದಿಯನ್ನು ಕೇಳಿ ಪಡೆಯಿರಿ.

ಬದಲಿಸುವ ಕ್ರಮ

ಅಚ್ಚು ಒಬ್ಬರಿಂದ ಎತ್ತಲಾಗದಷ್ಟು ಭಾರದ್ದು. ನುರಿತ ಮೆಕ್ಯಾನಿಕ್ಕಿನಿಂದಲೇ ಈ ಕೆಲಸ ಮಾಡಿಸತಕ್ಕದ್ದು. ಕ್ರಮ ತಿಳಿದಿದ್ದರೆ ರೈತನು ಪಕ್ಕದಲ್ಲಿ ನಿಂತು ಗಮನಿಸಬಹುದು.

ಮೊದಲು ವಾಹನವನ್ನು ಗಟ್ಟಿಯಾದ ಸಮನೆಲದಲ್ಲಿ ನಿಲ್ಲಿಸಿ ಮುಂದಿನ ಚಕ್ರಗಳಿಗೆ ತಡೆ ಕೊಡಬೇಕು. ಶಾಫ್ಟು ಮುರಿದ ವಾಹನ ಗೇರಿನಲ್ಲಿಟ್ಟರೂ ನಿಲ್ಲುವುದಿಲ್ಲ, ಇಳಿಜಾರಿನಲ್ಲಿ ಉರುಳುತ್ತದೆ. ದಾರಿಯಲ್ಲಿ ಮುರಿದಾಗಲೂ ಮೊದಲು ಮಾಡಬೇಕಾದ ಕೆಲಸ ಚಕ್ರಕ್ಕೆ ಕಲ್ಲು ಕೊಡುವುದು.

ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ, ಹಿಂಭಾಗವನ್ನು ಎತ್ತಿ, ಉಕ್ಕಿನ ಸ್ಟ್ಯಾಂಡುಗಳನ್ನು ಚಾಸಿಯ ಕೆಳಗೆ ಇಡಬೇಕು. ಇಟ್ಟಿಗೆ, ಕಲ್ಲು ಅಥವಾ ಬರಿಯ ಜಾಕನ್ನು ನಂಬಿ ಯಾರೂ ವಾಹನದ ಕೆಳಗೆ ನುಸುಳಬಾರದು.

ಪ್ರೊಪೆಲರ್ ಶಾಫ್ಟು ಮತ್ತು ಫ್ಲೇಂಜಿನ ಮೇಲೆ ಗುರುತು ಹಾಕಿ ಬಿಚ್ಚಬೇಕು. ಅನಂತರ ಬ್ರೇಕಿನ ಪೈಪು, ಹ್ಯಾಂಡ್ ಬ್ರೇಕಿನ ಕೇಬಲು, ವಾಲ್ವಿನ ಕಂಬಿ ಮತ್ತು ಶಾಕ್ ಅಬ್ಸಾರ್ಬರುಗಳನ್ನು ಬಿಚ್ಚಿ, ಪೈಪಿನ ಬಾಯಿಯನ್ನು ಮುಚ್ಚಬೇಕು. ಅಚ್ಚಿಗೆ ಜಾಕಿನ ಆಸರೆ ಕೊಟ್ಟ ಮೇಲೆಯೇ ಯು-ಬೋಲ್ಟುಗಳನ್ನು ಬಿಚ್ಚುವುದು.

ಹೊಸ ಅಚ್ಚನ್ನು ಕೂರಿಸುವಾಗ ಪಟ್ಟಿಯ ನಡುಬೋಲ್ಟಿನ ತಲೆ ಪೀಠದ ತೂತಿನಲ್ಲಿ ಸರಿಯಾಗಿ ಇಳಿದಿದೆಯೇ ಎಂದು ನೋಡಬೇಕು. ಇಳಿಯದಿದ್ದರೆ ಅಚ್ಚು ಓರೆಯಾಗಿ, ವಾಹನ ಅಡ್ಡಡ್ಡ ಓಡುತ್ತದೆ. ಯು-ಬೋಲ್ಟುಗಳು ಹೊಸವೇ ಆಗಿರಲಿ. ಒಮ್ಮೆ ಹಿಗ್ಗಿದ ಬೋಲ್ಟು ಮತ್ತೆ ಗಟ್ಟಿಯಾಗಿ ಹಿಡಿಯುವುದಿಲ್ಲ. ನಾಲ್ಕು ನಟ್ಟುಗಳನ್ನು ಕರ್ಣಾಕಾರವಾಗಿ, ಸ್ವಲ್ಪ ಸ್ವಲ್ಪವಾಗಿ ಬಿಗಿದು, ಕೊನೆಯ ಬಿಗಿತವನ್ನು ವಾಹನದ ಭಾರ ಪಟ್ಟಿಯ ಮೇಲೆ ಬಿದ್ದ ನಂತರ ಕೊಡಬೇಕು. ಗೇರು ಪೆಟ್ಟಿಗೆಯಿಂದ ಹೊರಬರುವ ಶಾಫ್ಟು ಮತ್ತು ಪಿನಿಯನ್ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಇಲ್ಲವಾದರೆ ವಾಹನ ನಡುಗುತ್ತದೆ, ಜಾಯಿಂಟುಗಳು ಬೇಗ ಸವೆಯುತ್ತವೆ.

ಡಿಫರೆನ್ಶಿಯಲ್ಲಿಗೆ ಕೈಪಿಡಿಯಲ್ಲಿ ಹೇಳಿದ ಗೇರ್ ಎಣ್ಣೆಯನ್ನೇ ತುಂಬುವ ತೂತಿನ ಅಂಚಿನವರೆಗೆ ಹಾಕಬೇಕು. ಎಂಜಿನ್ ಎಣ್ಣೆ ಇಲ್ಲಿ ನಡೆಯುವುದಿಲ್ಲ. ಹೌಸಿಂಗಿನ ಮೇಲಿರುವ ಬ್ರೀದರ್ ಎಂಬ ಸಣ್ಣ ಗಾಳಿಕಿಂಡಿ ಮಣ್ಣಿನಿಂದ ಮುಚ್ಚಿದ್ದರೆ, ಒಳಗಿನ ಕಾವಿಗೆ ಒತ್ತಡ ಏರಿ ಎಣ್ಣೆಯು ಸೀಲನ್ನು ದಾಟಿ ಬ್ರೇಕಿನ ಡ್ರಮ್ಮಿಗೆ ಇಳಿಯುತ್ತದೆ. ಅದನ್ನು ಶುಚಿಮಾಡಿ. ಕೊನೆಯಲ್ಲಿ ಬ್ರೇಕಿನ ಪೈಪಿನಿಂದ ಗಾಳಿಯನ್ನು ಪೂರ್ತಿಯಾಗಿ ತೆಗೆದು, ಹ್ಯಾಂಡ್ ಬ್ರೇಕನ್ನು ಸರಿಹೊಂದಿಸಬೇಕು.

ಬದಲಿಸಿದ ನಂತರ

ಮೊದಲ ದಿನ ಖಾಲಿಯಾಗಿಯೇ ಹತ್ತು ಹನ್ನೆರಡು ಕಿಲೋಮೀಟರ್ ಓಡಿಸಿ. ಮೊದಲು ನಿಧಾನ ವೇಗದಲ್ಲಿ ಬ್ರೇಕನ್ನು ಪರೀಕ್ಷಿಸಿ. ನಿಂತ ಮೇಲೆ ಎರಡು ಹಬ್ಬುಗಳ ಬಳಿ ಮತ್ತು ನಡುವಿನ ಉಬ್ಬಿನ ಬಳಿ ಕೈಯನ್ನು ಹತ್ತಿರ ತಂದು ಕಾವನ್ನು ನೋಡಿ. ಒಂದು ಕಡೆ ಮಾತ್ರ ಹೆಚ್ಚು ಕಾವಿದ್ದರೆ ಬೇರಿಂಗ್ ಅಥವಾ ಬ್ರೇಕು ಬಿಗಿಯಾಗಿದೆ. ನೂರು ಕಿಲೋಮೀಟರಿನೊಳಗೆ ಯು-ಬೋಲ್ಟು ಮತ್ತು ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿಸಿ.

ಆಮೇಲೆಯೂ ವಾರಕ್ಕೊಮ್ಮೆ ವಾಹನದ ಹಿಂಭಾಗವನ್ನು ಬಗ್ಗಿ ನೋಡುವ ಅಭ್ಯಾಸ ಒಳ್ಳೆಯದು. ಚಕ್ರದ ಒಳಬದಿಯಲ್ಲಿ ಎಣ್ಣೆಯ ಕಲೆ, ಓಡುವಾಗ ಹೂಂಕರಿಸುವ ಸದ್ದು, ಟೈರಿನ ಒಂದೇ ಅಂಚಿನ ಸವೆತ ಇವು ಅಚ್ಚು ಮುಂಚಿತವಾಗಿ ಕೊಡುವ ಎಚ್ಚರಿಕೆಗಳು. ಹಳ್ಳದ ನೀರಿನಲ್ಲಿ ಅಥವಾ ಗದ್ದೆಯ ಕೆಸರಿನಲ್ಲಿ ಅಚ್ಚು ಮುಳುಗಿದ್ದರೆ ಎಣ್ಣೆಯನ್ನು ಬಸಿದು ನೋಡುವುದು ಲೇಸು.

ಹೊಸ ಅಚ್ಚಿನ ಬಾಳಿಕೆ ಅದರ ದಪ್ಪಕ್ಕಿಂತ ಹೆಚ್ಚಾಗಿ ಹೇರುವ ತೂಕವನ್ನು ಅವಲಂಬಿಸಿದೆ. ನಿಮ್ಮ ವಾಹನದ ನೋಂದಣಿ ಪತ್ರದಿಂದ ಹೇರಬಹುದಾದ ಭಾರವನ್ನು ಲೆಕ್ಕ ಹಾಕಿ, ಅದು ಎಷ್ಟು ಕ್ರೇಟು ಅಥವಾ ಎಷ್ಟು ಚೀಲ ಆಗುತ್ತದೆಂದು ಬಾಗಿಲಿನ ಒಳಬದಿಯಲ್ಲಿ ಬರೆದಿಡಿ. ಹೇರುವ ಆಳುಗಳಿಗೂ ಓಡಿಸುವವನಿಗೂ ಅದು ಕಣ್ಣಿಗೆ ಬೀಳುವಂತಿರಲಿ. ಮಾಲು ಹೆಚ್ಚಿದ್ದ ದಿನ ಎರಡು ಸಲ ಓಡಾಡುವ ಖರ್ಚು, ನಡುದಾರಿಯಲ್ಲಿ ಅಚ್ಚು ಮುರಿದು ಒಂದು ಹೊರೆ ಮಾಲು ಕೊಳೆಯುವ ನಷ್ಟಕ್ಕಿಂತ ಕಡಿಮೆಯೇ.